ಅವಳಿಗಿಂತ ಮುಂಚೆ ಬಂದ ಮಾತು

ಹಾಲು ಉಕ್ಕಿ, ಒಲೆ ಆರಿ, ಶಿವಪುತ್ರ ಅಡುಗೆಕಟ್ಟೆಯನ್ನೆಲ್ಲ ಒರೆಸಿ, ಬಟ್ಟೆ ಹಿಂಡಿ ಹಿತ್ತಲಲ್ಲಿ ಒಣಹಾಕಿ ಒಳಗೆ ಬಂದ ಮೇಲೆ ನಡುಮನೆಯ ಕಂಪ್ಯೂಟರು ಮಾತಾಡಿತು.

“ಮಾಸ್ತರ, ಹಾಲ ಉಕ್ಕಾಕತ್ತೈತಿ!”

ಅವನು ಹೆಂಡತಿಯ ಮುಖ ನೋಡಿದ. ಮಂಚದ ಮೇಲೆ ಮೂರು ದಿಂಬುಗಳಿಗೆ ಒರಗಿಸಿ ಕೂರಿಸಿದ್ದ ಸುಗಲಾ ಎಂದಿನಂತೆ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಹಾಲು ಸುಂಯ್ ಎಂದಾಗಲೇ ಅವಳು ಹೇಳಿದ್ದಳು. ಕಂಪ್ಯೂಟರು ಅದನ್ನು ಈಗ ಹೇಳುತ್ತಿತ್ತು.

ಬಾಗಲಕೋಟೆಯ ನವನಗರದ ಹೈಸ್ಕೂಲಿನಲ್ಲಿ ಸುಗಲಾ ಹುಡುಗಿಯರಿಗೆ ಖೋಖೋ ಕಲಿಸುತ್ತಿದ್ದಳು. ಅದೇ ಶಾಲೆಯಲ್ಲಿ ಶಿವಪುತ್ರ ಚಿತ್ರಕಲೆಯ ಶಿಕ್ಷಕ. ಎಲ್ಲರೂ ಅವನನ್ನು ‘ಸರ್’ ಎಂದರೆ ಇವಳೊಬ್ಬಳು ತಮಾಷೆಗೆ ‘ಮಾಸ್ತರ’ ಎನ್ನುತ್ತಿದ್ದಳು. ಮದುವೆಯಾದ ಮೇಲೂ ಅದೇ ಉಳಿಯಿತು. ಮೈದಾನಕ್ಕಿಳಿದರೆ ಅವಳು ಸೀಟಿ ಮುಟ್ಟುತ್ತಿರಲಿಲ್ಲ. “ಸೀಟಿ ಬಾಯಿಗೆ ಇಡೂದ್ರಾಗ ಹುಡುಗಿ ಔಟ್ ಆಗಿರ್ತಾಳ” ಎನ್ನುತ್ತಿದ್ದಳು. ಅವಳ ನಾಲಗೆಗೇ ಅಷ್ಟು ಓಟವಿತ್ತು. ಯಾರಾದರೂ ಒಂದು ಮಾತು ಆಡಿ ಮುಗಿಸುವುದರೊಳಗೆ ಅವಳ ಎರಡು ಮಾತು ಅವರ ಮುಂದೆ ಬಿದ್ದಿರುತ್ತಿದ್ದವು.

ಆಮೇಲೆ ಆ ಕಾಯಿಲೆ ಬಂತು. ಮಿದುಳಿನ ಅಪ್ಪಣೆಯನ್ನು ಸ್ನಾಯುಗಳಿಗೆ ಹೊತ್ತೊಯ್ಯುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಮೊದಲು ಬೆರಳು, ಆಮೇಲೆ ಕಾಲು, ಕೊನೆಗೆ ನಾಲಗೆ. ಮುಟ್ಟಿದ್ದು, ಸುಟ್ಟಿದ್ದು, ಕೇಳಿದ್ದು ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಒಂದು ರೆಪ್ಪೆಯನ್ನು ಬೇಕೆಂದಾಗ ಮುಚ್ಚುವುದೂ ಆಗುತ್ತಿರಲಿಲ್ಲ. ಆಗ ಧಾರವಾಡದ ವಾಕ್ಸಹಾಯ ಕೇಂದ್ರದವರು ಅವಳ ನೆತ್ತಿಗೆ ಒಂದು ತೆಳುವಾದ ಪಟ್ಟಿ ಕಟ್ಟಿ, ಮಂಚದ ಪಕ್ಕ ಒಂದು ಕಂಪ್ಯೂಟರು ಇಟ್ಟುಹೋದರು. ಮಾತಾಡಲು ಮನಸ್ಸು ಮಾಡಿದಾಗ ಮಿದುಳಿನಲ್ಲಿ ಏಳುವ ಸಣ್ಣ ಅಲೆಯನ್ನು ಪಟ್ಟಿ ಹಿಡಿಯುತ್ತಿತ್ತು. ಅಲೆ ಮಸುಕು, ಅದೊಂದರಿಂದಲೇ ‘ಬೇಳೆ’ಯೋ ‘ಬೇಲಿ’ಯೋ ತಿಳಿಯದು. ಹಾಗಾಗಿ ಕಂಪ್ಯೂಟರು ಅವಳು ಹಿಂದೆ ಆಡಿದ ಮಾತುಗಳನ್ನೆಲ್ಲ ತಿರುವಿಹಾಕಿ, ಇವಳಾದರೆ ಇಲ್ಲಿ ಏನೆನ್ನುತ್ತಾಳೆ ಎಂದು ಊಹಿಸಿ, ಶಾಲೆಯ ವಿಡಿಯೋಗಳಿಂದ ಎತ್ತಿಕೊಂಡ ಅವಳದೇ ಧ್ವನಿಯಲ್ಲಿ ನುಡಿಯುತ್ತಿತ್ತು. ಮನುಷ್ಯರ ಮಿದುಳಿನ ಮಾಹಿತಿ ಮನೆಯ ಹೊಸಿಲು ದಾಟಬಾರದೆಂದು ಕಾನೂನಿತ್ತು. ಎಲ್ಲ ಆ ಒಂದು ಪೆಟ್ಟಿಗೆಯೊಳಗೇ ನಡೆಯಬೇಕು.

ಒಂಬತ್ತು ವರ್ಷ ಅದು ನಡೆಯಿತು. ಸುಗಲಾ ಬೈದಳು, ನಕ್ಕಳು, ಟಿವಿಯಲ್ಲಿ ಪಂದ್ಯ ನೋಡುತ್ತ ಆಟಗಾರ್ತಿಯರಿಗೆ ಮಂಚದಿಂದಲೇ ಬುದ್ಧಿ ಹೇಳಿದಳು. ಆಡಿದ್ದೆಲ್ಲ ಪೆಟ್ಟಿಗೆಯಲ್ಲಿ ಸೇರುತ್ತ ಹೋಯಿತು. ಸೇರಿದಷ್ಟೂ ಅದಕ್ಕೆ ಅವಳ ಪರಿಚಯ ಹೆಚ್ಚಿತು. ಹೆಚ್ಚಿದಷ್ಟೂ ಹುಡುಕುವ ಕೆಲಸವೂ ಹೆಚ್ಚಿತು. ಕೇಂದ್ರದವರು ಆಗಾಗ ಕಳಿಸುವ ಹೊಸ ತಂತ್ರಾಂಶಗಳ ಭಾರ ಬೇರೆ. ಪೆಟ್ಟಿಗೆಗೆ ಏದುಸಿರು ಬಂತು.

ಶಿವಪುತ್ರ ತನಗೆ ತಿಳಿದದ್ದನ್ನೆಲ್ಲ ಮಾಡಿದ. ಹಿಂಬದಿಯ ಮುಚ್ಚಳ ಬಿಚ್ಚಿ, ಬಣ್ಣ ಹಚ್ಚುವ ಮೆತ್ತನೆ ಕುಂಚದಿಂದ ಫ್ಯಾನಿನ ಧೂಳು ತೆಗೆದ. ದಿನಾ ಬೆಳಿಗ್ಗೆ ಆರಿಸಿ ಹಚ್ಚಿದ. ಬೇಡದ ಪ್ರೋಗ್ರಾಮುಗಳನ್ನು ಕಿತ್ತುಹಾಕಿದ. ಅಂಗಡಿಯವನಿಂದ ಹೆಚ್ಚಿನ ಮೆಮೊರಿ ಹಾಕಿಸಿದ. ಎರಡು ವಾರ ಚುರುಕಾಗಿ, ಮತ್ತೆ ಮೊದಲಿನಂತಾಯಿತು. ಜಾಗ ಸಾಲದೆಂದು ಮದುವೆಯ ವಿಡಿಯೋ ಅಳಿಸಿದ. ಅವಳು ಜಿಲ್ಲಾ ತಂಡದೊಂದಿಗೆ ಗೆದ್ದು ಬಂದ ಮೆರವಣಿಗೆಯನ್ನು ಅಳಿಸುವಾಗ ಮಾತ್ರ ಸ್ವಲ್ಪ ಹೊತ್ತು ಕೈ ತಡೆಯಿತು. ಬೇಸಿಗೆಯಲ್ಲಿ ಹೆಂಡತಿಯ ಕಡೆಗಿದ್ದ ಟೇಬಲ್ ಫ್ಯಾನನ್ನು ಪೆಟ್ಟಿಗೆಯ ಕಡೆ ತಿರುಗಿಸಿದ. ಹೊಸದನ್ನೇ ಕೊಡಿ ಎಂದರೆ ಕೇಂದ್ರದವರು, ಹೊಸ ಮಾದರಿಗೆ ಹಳೆಯ ನೆನಪು ಹೊಂದುವುದಿಲ್ಲ ಎಂದರು.

ಓಣಿಯಾಚೆ ಇರುವ ಅವನ ಅಕ್ಕ ನೀಲಕ್ಕ ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಒಂದು ದಿನ ಅವಳು, “ಶಿವೂ, ನಿನ್ನ ಕೈಯಾಗಿನ ಉಪ್ಪಿಟ್ಟು ಗ್ವಾಡಿಗೆ ಬಳದ್ರ ಮಳಿಗಾಲ ತಡಿತೈತಿ ನೋಡು” ಎಂದು ನಕ್ಕು, ಎರಡನೆಯ ಸಲ ಹಾಕಿಸಿಕೊಂಡು ತಿಂದು, ಮನೆಗೆ ಹೋದಳು. ಹೋಗಿ ಬಹಳ ಹೊತ್ತಾದ ಮೇಲೆ, ಖಾಲಿ ಕುರ್ಚಿಯ ಮುಂದೆ ಕಂಪ್ಯೂಟರು ಹೇಳಿತು:

“ಎರಡನೇ ಸಲ ಹಾಕಿಸ್ಕೊಳ್ಳಾಕತ್ತೀ, ಒಳಗ ಗ್ವಾಡಿ ಕಟ್ಟಾಕತ್ತೀಯೇನ್ ನೀಲಕ್ಕ?”

ಶಿವಪುತ್ರನಿಗೆ ನಗೆ ಬಂತು, ನಡುವೆಯೇ ನಿಂತಿತು. ಸುಗಲಾಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳ ಜಾಣತನವೆಲ್ಲ ಹೊತ್ತು ಮೀರಿ ಬಂದು ಖಾಲಿ ಮನೆಗೆ ಬಡಿಯುತ್ತಿತ್ತು.

ಆದರೆ ಅವನನ್ನು ಧಾರವಾಡಕ್ಕೆ ಓಡಿಸಿದ್ದು ಕಫ. ಗಂಟಲಲ್ಲಿ ಕಫ ಕಟ್ಟಿದಾಗ ಅವಳು ‘ಕಫ’ ಎಂದರೆ ಅವನು ನಳಿಕೆ ಹಾಕಿ ಎಳೆಯುತ್ತಿದ್ದ. ಒಂದು ಸಂಜೆ ಅವನು ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದಾಗ ಅವಳ ಮುಖ ಕಪ್ಪಿಟ್ಟಿತು. ನೀಲಕ್ಕ ಸುಮ್ಮನೆ ಒಳಗೆ ಬಂದವಳು ಕಿರುಚದಿದ್ದರೆ ಕಥೆ ಅಂದೇ ಮುಗಿಯುತ್ತಿತ್ತು. ಕಫ ತೆಗೆದು, ಉಸಿರು ತಿರುಗಿ, ನೀಲಕ್ಕ ದೇವರ ಮುಂದೆ ಊದುಬತ್ತಿ ಹಚ್ಚುತ್ತಿದ್ದಾಗ ಕಂಪ್ಯೂಟರು ಕೂಗತೊಡಗಿತು: “ಕಫ. ಮಾಸ್ತರ, ಕಫ. ಮಾಸ್ತರ. ಮಾಸ್ತರ.”

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಒಂದು ಗೋಡೆಯ ತುಂಬ ಪರದೆಯಿತ್ತು. ಉತ್ತರದ ಜಿಲ್ಲೆಗಳಲ್ಲಿ ಇಂಥ ಪೆಟ್ಟಿಗೆ ಇರುವ ಮನೆಗಳೆಲ್ಲ ಅದರಲ್ಲಿ ಚುಕ್ಕೆಗಳು. ಮಾತೇನೆಂದು ಅಲ್ಲಿ ತಿಳಿಯುತ್ತಿರಲಿಲ್ಲ; ಎಷ್ಟು ಬೇಗ ಬಂತು ಎಂಬುದಷ್ಟೇ ತಿಳಿಯುತ್ತಿತ್ತು. ಬೇಗ ಬಂದರೆ ಹಸಿರು, ತಡವಾದರೆ ಕೆಂಪು. ಬಾಗಲಕೋಟೆಯ ಒಂದು ಚುಕ್ಕೆ ಕೆಂಪಾಗಿತ್ತು.

“ಇದು ನಿಮ್ಮನಿ” ಎಂದಳು ಎಂಜಿನಿಯರ್ ತಸ್ನೀಮ್. ಬಾಗಲಕೋಟೆಯ ಪೆಟ್ಟಿಗೆಗಳನ್ನು ನೋಡಿಕೊಳ್ಳುವವಳು ಅವಳೇ. “ಹಗುರ ಮಾಡಬೋದ್ರಿ ಸರ್. ಒಂಬತ್ತು ವರ್ಷದ ಮಾತನ್ನ ಹಿಂಡಿ ಸಣ್ಣದು ಮಾಡ್ತೀವಿ. ಉಳಿದ ಜಾಗದಾಗ ಸಾಮಾನ್ಯ ಮಾದರಿ ಕೂರಿಸ್ತೀವಿ. ಒಪ್ಪಿಗೆ ಕೊಟ್ಟ ಸಾವಿರಾರು ರೋಗಿಗಳ ಮಾತಿನ ಸಾರ ಅದು. ಇಂಥಾ ಹೊತ್ತಿನಾಗ ಮಂದಿ ಏನಂತಾರ ಅನ್ನೂದು ಅದಕ್ಕ ಗೊತ್ತೈತಿ. ಮೊದಲ ಅಕ್ಷರ ಸಿಕ್ರ ಸಾಕು, ಪೂರಾ ಮಾತು ಮುಗಿಸತೈತಿ.”

“ಅಂದ್ರ ಅಕಿ ಮಾತು ಅಳಿಸಿಹೋಗತಾವಾ?”

“ಅಳಿಸೂದಲ್ಲ, ಕರಗಿಸೂದು. ಕೆಲವು ಸಣ್ಣ ಚಾಳಿ ಹೋಗಬೋದು. ಮಾತಾಡ್ತಾ ಮಾತಾಡ್ತಾ ತಿರುಗಿ ಬರತಾವು.” ತಸ್ನೀಮ್ ಅದನ್ನು ನಂಬಿಯೇ ಹೇಳಿದ್ದಳು.

ಶಿವಪುತ್ರನಿಗೆ ಮನಸ್ಸಾಗಲಿಲ್ಲ. ಮನೆಗೆ ಬಂದು ಸುಗಲಾಳಿಗೆ ಎಲ್ಲ ವಿವರಿಸಿ ಹೇಳಿದ. ಉತ್ತರಕ್ಕೆ ಕಾಯುತ್ತ ಚಹಾ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದು ಕೂತ.

“ಮಾಡಸ್ರಿ ಮಾಸ್ತರ” ಎಂದಿತು ಅವಳ ಧ್ವನಿ. “ಸತ್ತ ಮ್ಯಾಲ ಮಾತ್ ಬಂದ್ರ ಏನ್ ಸುಡೂದೈತಿ?”

ತಸ್ನೀಮ್ ಬಂದು ಒಂದು ಹಗಲು ಕೂತು ಕೆಲಸ ಮುಗಿಸಿದಳು. ಮಾರನೆಯ ಬೆಳಿಗ್ಗೆ ಶಿವಪುತ್ರ ಕಿಟಕಿ ತೆರೆಯುತ್ತಿದ್ದಂತೆಯೇ, “ಎದ್ರಿ ಏನ್ರೀ? ನಿದ್ದಿ ಚಲೋ ಆತ?” ಎಂಬ ಮಾತು ಬಂತು. ಎಷ್ಟು ಬೇಗ ಬಂತೆಂದರೆ ಅವನು ಬೆಚ್ಚಿಬಿದ್ದ. ತಿರುಗಿ ನೋಡಿ, ನಕ್ಕು, ಅವಳ ಪಾದ ಹಿಡಿದುಕೊಂಡು ಅತ್ತುಬಿಟ್ಟ. ‘ಮಾಸ್ತರ’ ಎಂಬುದು ‘ಏನ್ರೀ’ ಆಗಿದೆ ಎಂದು ಹೊಳೆದದ್ದು ಆಮೇಲೆ. ಸಣ್ಣ ಚಾಳಿ, ತಿರುಗಿ ಬರುತ್ತದೆ.

ಕಫ ಎಂದರೆ ಈಗ ತಕ್ಷಣ ಕೇಳಿಸುತ್ತಿತ್ತು. ನೀಲಕ್ಕ ಬಂದರೆ, “ಬರ್ರಿ ಅಕ್ಕಾರ, ಕುಂದರ್ರಿ. ಮನ್ಯಾಗ ಎಲ್ಲಾರೂ ಆರಾಮ?” ಎಂದು ಮಾತು ಸಿದ್ಧವಿರುತ್ತಿತ್ತು. ನೀಲಕ್ಕನಿಗೆ ಹಿಗ್ಗು. “ನೋಡೋ, ಬ್ಯಾನಿ ಮನಶ್ಯಾನ್ನ ಹ್ಯಾಂಗ ಮೆತ್ತಗ ಮಾಡತೈತಿ. ಮೊದ್ಲ ನನ್ನ ಕಂಡ್ರ ಚಾಕು ಹಿಡದಂಗ ಮಾತಾಡ್ತಿದ್ಲು” ಎಂದಳು. ನೆರೆಹೊರೆಯವರು ಬಂದು ಕೂರತೊಡಗಿದರು. ಸುಗಲಾ ಎಲ್ಲರ ಮಕ್ಕಳನ್ನೂ ವಿಚಾರಿಸಿದಳು, ಎಲ್ಲರಿಗೂ ಚಹಾ ಕುಡಿದು ಹೋಗಿ ಎಂದಳು, ತನಗೆ ಮಾತ್ರ ಏನೂ ಬೇಡ ಎಂದಳು.

ಶಿವಪುತ್ರನಿಗೂ ಅದು ಹಿತವಾಗಿತ್ತೆಂಬುದು ಸುಳ್ಳಲ್ಲ. “ಊಟ ಮಾಡಿದ್ರಿ? ದಣದೀರಿ, ಒಂಚೂರು ಮಲಕೋರ್ರಿ” ಎಂದು ಸುಗಲಾ ಹಿಂದೆಂದೂ ಅಂದವಳಲ್ಲ. ಬರಿ ಕೈಯಲ್ಲಿ ದುಡಿದು ಸೋತ ಗಂಡಸಿಗೆ ಆ ಮಾತು ತಂಪಾಗಿ ತಾಕುತ್ತಿತ್ತು. ಟಿವಿಯಲ್ಲಿ ಖೋಖೋ ಪಂದ್ಯ ಹಚ್ಚಿದ ದಿನ ಮಾತ್ರ ಅವನಿಗೆ ಏನೋ ಕಸಿವಿಸಿಯಾಯಿತು. ಕಂಬದ ಹತ್ತಿರ ಒಬ್ಬ ಹುಡುಗಿ ಎಂಥವರೂ ಬೈಯುವಂಥ ತಪ್ಪು ಮಾಡಿದಳು. ಅವನು ಮಂಚದ ಕಡೆ ತಿರುಗಿ ಕಾದ. “ಭಾಳ ಚಲೋ ಆಡಾಕತ್ತಾರ್ರೀ” ಎಂದಿತು ಕಂಪ್ಯೂಟರು.

ದಿನಾ ಬೆಳಿಗ್ಗೆ ಮುಖ ಒರೆಸುವಾಗ ಅವನು ಕೇಳುತ್ತಿದ್ದ: “ಎಲ್ಲೆರ ನೋವೈತೇನ ಸುಗಲಾ?”

“ಏನೂ ಇಲ್ರೀ. ಆರಾಮದೀನಿ.”

ಕಣ್ಣಲ್ಲಿ ನೀರಿರುತ್ತಿತ್ತು. ರೆಪ್ಪೆ ಬಡಿಯದ ಕಣ್ಣು ಒಣಗಿ ನೀರೂರುವುದುಂಟು ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಅವನು ಒರೆಸಿ, ಹನಿ ಔಷಧ ಹಾಕುತ್ತಿದ್ದ. ನೀರು ಹೆಚ್ಚಾಯಿತು. “ಯಾಕ, ಏನಾತು?” ಎಂದರೆ, “ಏನಿಲ್ರೀ, ನಿಮ್ಮನ್ನ ನೋಡಿ ಸಂತೋಷ ಆತು” ಎಂಬ ಉತ್ತರ.

ಒಂದು ದಿನ ಅವಳ ಎಡಗೆನ್ನೆ ಊದಿಕೊಂಡಿತ್ತು. ಸಂಜೆಯ ಹೊತ್ತಿಗೆ ಕಣ್ಣೇ ಮುಚ್ಚುವಷ್ಟಾಯಿತು. ಹಲ್ಲಿನ ಡಾಕ್ಟರರನ್ನು ಮನೆಗೇ ಕರೆತಂದ. ಕೊಳವೆಯಿಂದ ಗಂಜಿ ಹಾಕುತ್ತಿದ್ದುದರಿಂದ ಅವಳ ಬಾಯನ್ನು ಯಾರೂ ಅಗಲಿಸಿ ನೋಡಿ ಎಷ್ಟೋ ಕಾಲವಾಗಿತ್ತು. ಡಾಕ್ಟರು ಅವಳ ಬಾಯಿ ಅಗಲಿಸಿ, ದೀಪ ಬಿಟ್ಟು ನೋಡಿದರು. ಒಳಗಿನ ದವಡೆ ಹಲ್ಲಿನ ಬೇರಿಗೆ ಕೀವು ತುಂಬಿ, ಎಲುಬಿಗೂ ಇಳಿದಿತ್ತು.

“ಇದು ಇವತ್ತಿಂದಲ್ರೀ. ತಿಂಗಳುಗಟ್ಟಲೆ ಹಿಂಗ ಐತಿ. ಇಷ್ಟು ನೋವು ಗಟ್ಟಿಮುಟ್ಟಾದ ಪೈಲ್ವಾನನೂ ತಡಕೊಳ್ಳಾಂಗಿಲ್ಲ. ಇವ್ರು ಹೇಳಲೇ ಇಲ್ಲೇನು?”

ಶಿವಪುತ್ರ ಬಾಯಿ ತೆರೆಯುವುದರೊಳಗೆ ಕಂಪ್ಯೂಟರು ಹೇಳಿತು: “ನೋವಿಲ್ರೀ ಡಾಕ್ಟರ. ನಿಮಗ ಸುಮ್ಮ ತ್ರಾಸ ಆತು. ಚಹಾ ಕುಡದು ಹೋಗ್ರಿ.”

ಡಾಕ್ಟರ ಕೈಯಲ್ಲಿದ್ದ ದೀಪ ಅಲ್ಲೇ ನಿಂತಿತು. ಸುಗಲಾಳ ಎರಡೂ ಕಣ್ಣುಗಳಿಂದ ನೀರು ಕಿವಿಯವರೆಗೆ ಹರಿಯುತ್ತಿತ್ತು.

ಹಲ್ಲು ಕೀಳಿಸಿ, ಜ್ವರ ಇಳಿಸಿಕೊಂಡು, ಹೆಂಡತಿಯ ಬಳಿ ನೀಲಕ್ಕನನ್ನು ಕೂರಿಸಿ, ಶಿವಪುತ್ರ ಮತ್ತೆ ಧಾರವಾಡಕ್ಕೆ ಹೋದ. ನಿಯಂತ್ರಣ ಕೊಠಡಿಯ ಪರದೆಯಲ್ಲಿ ಅವನ ಮನೆ ಈಗ ಹಸಿರಾಗಿತ್ತು. ಕೇಂದ್ರದ ಮುಖ್ಯಸ್ಥ ಹೆಬ್ಬಳ್ಳಿಯವರು ಸೌಮ್ಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು.

“ದೂರು ಬಳಸೋರೇ ಕೊಡಬೇಕು ಸರ್. ಗಂಡ ಬಂದು, ನನ್ನ ಹೆಂಡತಿ ಮಾತು ಸರಿ ಇಲ್ಲ, ಯಂತ್ರ ಬದಲಸ್ರಿ ಅಂದ್ರ ನಾವು ಬದಲಸೂ ಹಾಂಗಿಲ್ಲ. ಮೊದಲ ಹಂಗ ಆಗೇದ. ಹೆಂಡತಿ ಬೈದ್ಲು ಅಂತ ಯಂತ್ರದ ಬಾಯಿ ಮುಚ್ಚಿಸಿದ ಗಂಡಂದಿರು ಇದ್ರು. ಅದಕ್ಕ ಈ ಕಾನೂನು.”

“ನಂದು ಅದರ ಉಲ್ಟಾ ಐತ್ರಿ. ಅಕಿ ಬೈಯವಲ್ಲಳು ಅಂತ ಬಂದೀನಿ.”

ಹೆಬ್ಬಳ್ಳಿಯವರು ನಗಲಿಲ್ಲ. ಅಲ್ಲಿಂದಲೇ ಮನೆಗೆ ವಿಡಿಯೋ ಕರೆ ಹಚ್ಚಿಸಿದರು. ಪರದೆಯಲ್ಲಿ ಸುಗಲಾ ಕಂಡಳು. ಕೆನ್ನೆಗೆ ಇನ್ನೂ ಪಟ್ಟಿ ಇತ್ತು. “ನಮಸ್ಕಾರ್ರೀ ಸುಗಲಾ ಅವರ, ನಿಮ್ಮ ಯಂತ್ರದಿಂದ ಏನರ ತೊಂದರಿ…”

“ಏನೂ ತೊಂದರಿ ಇಲ್ರೀ. ಭಾಳ ಅನುಕೂಲ ಆಗೇತಿ. ನಿಮ್ಮೆಲ್ಲಾರ ಉಪಕಾರ.”

“ನೋಡಿದ್ರಲ್ಲ ಸರ್” ಎಂದರು ಹೆಬ್ಬಳ್ಳಿ.

“ನೀವು ಕೇಳಿ ಮುಗಿಸಿದ್ದೇ ಇಲ್ಲಲ್ರೀ! ಅದರೊಳಗ ಉತ್ತರ ಬಂತು.”

“ಅದಕ್ಕೇ ನಾವು ವೇಗ ಅನ್ನೂದು.”

ತಸ್ನೀಮ್ ಗೋಡೆಗೆ ಒರಗಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಮರುದಿನ, ರಜೆಯ ದಿನ, ಬಸ್ಸು ಹಿಡಿದು ತಾನೇ ಬಾಗಲಕೋಟೆಗೆ ಬಂದಳು. ನೀರು ಸಹ ಕುಡಿಯದೆ ಕಂಪ್ಯೂಟರಿನ ಮುಂದೆ ಕೂತು, ಒಳಗೆ ಉಳಿದಿದ್ದ ಅಲೆಗಳ ದಾಖಲೆಯನ್ನು ಪರದೆಗೆ ತಂದಳು. ಮೇಲಿನ ಸಾಲಿನಲ್ಲಿ ಸುಗಲಾಳ ಮಿದುಳಿನಿಂದ ಬಂದದ್ದು. ಕೆಳಗಿನ ಸಾಲಿನಲ್ಲಿ ಕಂಪ್ಯೂಟರು ನುಡಿದದ್ದು.

“ಮೊದಮೊದಲ ನೋಡ್ರಿ, ಮ್ಯಾಲಿನ ಅಲೆ ಉದ್ದೈತಿ. ಪೂರಾ ಮಾತು ಆಡಾಕ ನೋಡ್ಯಾರ. ಇಲ್ಲಿ ‘ಹ’ ಅಂದಾರ. ಅದು ‘ಹಾಂ ಆರಾಮ’ ಅಂದೈತಿ.”

“‘ಹಲ್ಲು’” ಎಂದ ಶಿವಪುತ್ರ.

ತಸ್ನೀಮ್ ತಲೆ ತಗ್ಗಿಸಿದಳು. ‘ಹ’ ಎಂಬ ಅಲೆ ಒಂದೆರಡು ಸಲವಲ್ಲ, ಪುಟದ ಮೇಲೆ ಪುಟ ಇತ್ತು. ಪ್ರತಿಯೊಂದರ ಕೆಳಗೂ ಒಂದೊಂದು ಸವಿಮಾತು. ಮುಂದೆ ಹೋದಂತೆ ಅಲೆ ಗಿಡ್ಡವಾಗುತ್ತ ಬಂತು. ಕೊನೆಯ ವಾರಗಳಲ್ಲಿ ಮೇಲಿನ ಸಾಲು ಬಹುತೇಕ ಸಪಾಟು. ಕೆಳಗಿನ ಸಾಲು ಮಾತ್ರ ತುಂಬಿ ತುಳುಕುತ್ತಿತ್ತು.

“ಅಂದ್ರ, ಇಲ್ಲಿ…”

“ಇಲ್ಲಿ ಅವರು ಏನೂ ಅಂದಿಲ್ರೀ ಸರ್. ನೀವು ಕೇಳೀರಿ, ಅದು ಹೇಳೇತಿ. ಹೆಂಗಿದ್ರೂ ತಮ್ಮ ಮಾತು ಬರಾಂಗಿಲ್ಲ ಅಂತ ಗೊತ್ತಾಗಿ ಅವರು ಬಿಟ್ಟಬಿಟ್ಟಾರ.”

“ಮದ್ಲಿನ ಮಾತು ತಿರುಗಿ ಹಾಕ್ರಿ. ಎಷ್ಟ ನಿಧಾನ ಆದ್ರೂ ಆಗಲಿ.”

“ಕರಗಿಸಿದ್ದು ಹೊಳ್ಳಿ ಬರಾಂಗಿಲ್ರೀ. ಪ್ರತಿ ಇಟ್ಟುಕೊಳ್ಳಾಕ ಕಾನೂನು ಬಿಡೂದಿಲ್ಲ. ಊಹೆ ಮಾಡೂದನ್ನ ನಿಲ್ಲಸಬೋದು, ಅಷ್ಟ.” ಅವಳು ಒಂದು ಗುಂಡಿ ಒತ್ತಿದಳು. ಊಹೆಯನ್ನು ನಿಲ್ಲಿಸಲು ಬಳಕೆದಾರರ ಒಪ್ಪಿಗೆ ಬೇಕೆಂದು ಪರದೆ ಕೇಳಿತು. ಕೇಳಿದ ಮರುಗಳಿಗೆಯೇ ಸುಗಲಾಳ ಧ್ವನಿ, “ಬ್ಯಾಡ್ರೀ, ಹಿಂಗ ಆರಾಮ ಐತಿ” ಎಂದಿತು.

ಇಬ್ಬರೂ ಮಂಚದ ಕಡೆ ನೋಡಿದರು. ಸುಗಲಾ ಗೋಡೆ ನೋಡುತ್ತಿದ್ದಳು. ಪರದೆಯ ಮೇಲಿನ ಸಾಲು ಸಪಾಟಾಗಿತ್ತು. ತಸ್ನೀಮ್ ಎದ್ದು, ಮುಚ್ಚಳ ಬಿಚ್ಚಿ, ಊಹೆ ಮಾಡುವ ಸಾಮಾನ್ಯ ಮಾದರಿಯನ್ನು ಕೂರಿಸಿದ್ದ ಚಿಪ್ಪಿನ ಬಿಲ್ಲೆಯನ್ನು ಉಗುರಿನಿಂದ ಮೀಟಿ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಧ್ವನಿ ನಿಂತಿತು. ಮನೆ ಒಮ್ಮೆಲೇ ಖಾಲಿಯಾದಂತೆನಿಸಿತು.

“ನಾಳೆ ನನ್ನ ಕೇಳ್ತಾರ. ಕೇಳಲಿ” ಎಂದಳು. ಹೋಗುವ ಮೊದಲು ಒಂದು ಅನುಕೂಲ ಮಾಡಿಕೊಟ್ಟಳು. ಸುಗಲಾಳಿಂದ ಯಾವುದೇ ಅಲೆ ಬಂದರೆ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಹೊತ್ತುತ್ತದೆ. ಯಾವ ಅಕ್ಷರವೆಂದು ಅದಕ್ಕೆ ತಿಳಿಯದು. ಅಕ್ಷರಗಳನ್ನು ಶಿವಪುತ್ರನೇ ಹೇಳಬೇಕು. ಬೇಕಾದ ಅಕ್ಷರ ಬಂದಾಗ ಅವಳು ಮಾತಾಡಲು ಮನಸ್ಸು ಮಾಡಬೇಕು.

ಬಹಳ ದಿನ ಚುಕ್ಕೆ ಹೊತ್ತಲಿಲ್ಲ. ಶಿವಪುತ್ರ ಬೆಳಿಗ್ಗೆ ಮುಖ ಒರೆಸಿ, ಗಂಜಿ ಹಾಕಿ, ಮಂಚದ ಪಕ್ಕ ಕೂತು, ಒಂದನೇ ಇಯತ್ತೆಯ ಹುಡುಗನಂತೆ ಅ ಆ ಇ ಈ ಹೇಳುತ್ತಿದ್ದ. ಳ ಮುಗಿದರೆ ಮತ್ತೆ ಅ. ನೀಲಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊತ್ತುತ್ತಿದ್ದಳು. “ಆ ಬಿಲ್ಲಿ ತಿರುಗಿ ಹಾಕ್ಸೋ ಶಿವೂ. ಸುಳ್ಳ ಇರಲಿ, ಮನ್ಯಾಗ ಒಂದ್ ಮಾತರ ಇರ್ತಿತ್ತು.”

“ನೋವಾದ್ರ ಯಾರಿಗೆ ಹೇಳಬೇಕಕ್ಕ ಅಕಿ?”

“ಈಗರ ಯಾರಿಗೆ ಹೇಳಾಕತ್ತಾಳ?”

ಶಿವಪುತ್ರ ಮಂಚದ ಕಡೆ ತಿರುಗಿ ಮತ್ತೆ ‘ಅ’ ಇಂದ ಶುರುಮಾಡಿದ.

ಒಂದು ಮಧ್ಯಾಹ್ನ ‘ಬ’ ಎಂದಾಗ ಚುಕ್ಕೆ ಹೊತ್ತಿತು. ಅವನಿಗೆ ನಂಬಿಕೆಯಾಗಲಿಲ್ಲ. ಮತ್ತೆ ಪ ಫ ಬ ಎಂದ. ಮತ್ತೆ ಹೊತ್ತಿತು. ಕಾಗುಣಿತ ಶುರುಮಾಡಿದ. ಬ, ಬಾ, ಬಿ… ಚುಕ್ಕೆ. ಮುಂದಿನ ಅಕ್ಷರಕ್ಕೆ ಮತ್ತೆ ಮೊದಲಿನಿಂದ. ಟ ಠ ಡ. ಅಲ್ಲಿ ಚುಕ್ಕೆ, ಮಸುಕಾಗಿ.

ಅವನು ಕಾಗುಣಿತ ಹೇಳಿದ. ಡ, ಡಾ, ಡಿ, ಡೀ, ಡು, ಡೂ. ಚುಕ್ಕೆ ಹೊತ್ತಲಿಲ್ಲ. ಮತ್ತೆ ಹೇಳಿದ. ಸುಗಲಾಳ ಮುಖದಲ್ಲಿ ಬೆವರು ಒಡೆದಿತ್ತು. ಮೂರನೆಯ ಸಲ ಹೇಳುವಾಗ ಅವಳ ಉಸಿರು ಭಾರವಾಗಿ, ಕಣ್ಣು ಅರ್ಧ ಮುಚ್ಚಿ, ನಿದ್ದೆ ಬಂದುಬಿಟ್ಟಿತ್ತು.

ಬಿ. ಡ. ‘ರಿ’ ಸೇರಿಸುವಷ್ಟು ಶಕ್ತಿ ಅವಳಲ್ಲಿಲ್ಲ; ಅದು ‘ಡು’ ಆದರೆ, ‘ಬಿಡು’. ನನ್ನನ್ನು ಬಿಡು, ಇನ್ನು ಸಾಕು. ಬರೀ ‘ಡ’ ಆದರೆ, ‘ಬಿಡಬೇಡ’. ಕೈ ಬಿಡಬೇಡ. ನಡುವೆ ಇರುವುದು ಒಂದು ಕೊಂಬು. ಕೇಳಿದರೆ ಆ ಬಿಲ್ಲೆ ಕಣ್ಣು ಪಿಳುಕಿಸುವುದರೊಳಗೆ ಹೇಳಿಬಿಡುತ್ತಿತ್ತು.

ಮರುದಿನ ಚುಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವನು ಪರದೆಯಲ್ಲಿ ಕಂಡದ್ದನ್ನು ಓದಿ ಹೇಳಿದ ಮೇಲೆ, ಪಟ್ಟಿ ಸರಿಯಾಗಿದೆ, ಅಲೆಯೇ ಇಳಿಯುತ್ತಿದೆ ಎಂದು ತಸ್ನೀಮ್ ಫೋನಿನಲ್ಲಿ ಹೇಳಿದಳು. ಅವಳು ಆಗ ಕೇಂದ್ರ ಬಿಟ್ಟಿದ್ದಳು.

ಶಿವಪುತ್ರ ಫೋನು ಕೆಳಗಿಟ್ಟು ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ಹೆಂಡತಿಯ ಹಣೆಯ ಬೆವರು ಒರೆಸಿದ. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ, ಪ್ರತಿ ಅಕ್ಷರದ ಬಳಿಕ ಅವಳಿಗೆ ಬೇಕಾದಷ್ಟು ಹೊತ್ತು ಬಿಟ್ಟು, ಹೇಳತೊಡಗಿದ.

“ಡ… ಡಾ… ಡಿ…”